ಆಹಾರ ನೋಂದಣಿ ನನ್ನ ಹೆಸರಿನ್ಯಾಗ ಐತಿ, ಒಟಿಪಿ ಮಾತ್ರ ಬ್ಯಾರೇದವ್ರ ಫೋನಿಗೆ ಹೋಗ್ತೈತಿ. ಏನ್ ಮಾಡ್ಬೇಕ್ರಿ?

ಖಡಕ್_ರೊಟ್ಟಿ · ನವೆಂಬರ್ 3, 2025

ಎಲ್ಲಾರಿಗೂ ನಮಸ್ಕಾರ್ರಿ. ನಾನು ಬಾಗಲಕೋಟಿ ಜಿಲ್ಲೆದಾಕಿ. ಮನ್ಯಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಿ ಮಾರ್ತೀನಿ, ನಾಕ್ ವರ್ಷ ಆತು. ಮೊದಲ ನಾನೂ ನಮ್ಮ ನೆಗೆಣ್ಣಿ ಇಬ್ರ ಇದ್ವಿ, ಈಗ ಓಣ್ಯಾಗಿನ ನಾಕ್ ಮಂದಿ ಹೆಣ್ಮಕ್ಕಳು ಬರ್ತಾರ, ದಿನಾ 350 ರೊಟ್ಟಿ ಬಡೀತೀವಿ.

ಹೋದ ವರ್ಷ ಒಬ್ರು ಅಂಗಡಿಯವ್ರು ಫುಡ್ ಲೈಸೆನ್ಸ್ ಇಲ್ದ ಪಾಕೀಟ ಇಡಂಗಿಲ್ಲ ಅಂದ್ರು. ಅದಕ್ಕ ತಾಲೂಕಿಗೆ ಹೋಗಿ ಒಂದು ಕಂಪ್ಯೂಟರ್ ಸೆಂಟರ್‌ನ್ಯಾಗ ಆಧಾರ, ಫೋಟೋ ಕೊಟ್ಟು 1,800 ರೂಪಾಯಿ ಕೊಟ್ಟೆ. ಆ ಹುಡುಗ ಎಲ್ಲಾ ತಾನಾ ತುಂಬಿದ, ನಾನು ಬಾಜೂಕ ಕುಂತಿದ್ದೆ ಆದ್ರ ಸ್ಕ್ರೀನ್ ಇಂಗ್ಲಿಷ್‌ನ್ಯಾಗಿತ್ತು, ಏನೂ ತಿಳೀಲಿಲ್ಲ. ಒಂದ್ ವಾರಕ್ಕ ಪ್ರಿಂಟ್ ಕೊಟ್ಟ, ಲ್ಯಾಮಿನೇಶನ್ ಮಾಡಿಸಿ ಒಲಿ ಮ್ಯಾಲಿನ ಗ್ವಾಡಿಗೆ ಹಾಕೀನಿ. ದೊಡ್ಡ ಕೆಲಸ ಆತು ಅಂತ ಖುಷಿ ಆಗಿದ್ದೆ ಖರೇನ.

ಈಗ ಬೆಂಗಳೂರಿನ ಒಂದು ಅಂಗಡಿಯವ್ರು ವಾರಕ್ಕ 1,000 ರೊಟ್ಟಿ ತಗೋತೀವಿ ಅಂತ ಫೋನ್ ಮಾಡಿದ್ರು. ಸರ್ಟಿಫಿಕೇಟ್‌ನ್ಯಾಗಿನ ನನ್ನ 14 ಅಂಕಿ ನಂಬರ್ ಕೇಳಿದ್ರು, ಕೊಟ್ಟೆ. ಅರ್ಧಾ ತಾಸಿಗೆ ತಿರುಗಿ ಫೋನ್ ಮಾಡಿ, ಅಮ್ಮಾ ಇದ್ರಾಗ ನೀವು ಚಿಲ್ಲರೆ ಮಾರಾಟ ಮಾಡೋರು ಅಂತ ಐತಿ, ತಯಾರ್ ಮಾಡೋರು ಅಂತ ಇಲ್ಲ, ಮತ್ತ ಇದೇ ತಿಂಗಳ 28ಕ್ಕ ಅವಧಿ ಮುಗೀತೈತಿ, ಸರಿ ಮಾಡಿಸಿ ಹೇಳ್ರಿ ಅಂದ್ರು. ನಂಗ ಎದಿ ಧಸಕ್ ಅಂತು.

ಸೆಂಟರಿಗೆ ಹೋದ್ರ ಬಾಗಲಾ ಹಾಕೇತಿ. ಆ ಹುಡುಗ ಪುಣೆಕ್ಕ ಹೋಗ್ಯಾನಂತ, ಫೋನ್ ಸ್ವಿಚ್ ಆಫ್. ನಮ್ಮ ಅಕ್ಕನ ಮಗನ್ನ ಕೂಡಿಸ್ಕೊಂಡು ಫಾಸ್ಕಾಸ್ ಅಂದ್ರ ಫುಡ್ ಲೈಸೆನ್ಸಿನ ಸರ್ಕಾರಿ ಪೋರ್ಟಲ್ ತೆಗೆದ್ರ, ಯೂಸರ್ ಐಡಿ ಗೊತ್ತಿಲ್ಲ, ಪಾಸ್‌ವರ್ಡ್ ಮರ್ತೀನಿ ಅಂತ ಒತ್ತಿದ್ರ ಒಟಿಪಿ 47ರಾಗ ಮುಗಿಯೋ ನಂಬರಿಗೆ ಹೋಗ್ತೈತಿ, ಅದು ನಂದಲ್ಲ. ನನ್ನ ಹೆಸರು, ನನ್ನ ಮನಿ, ನನ್ನ ಫೋಟೋ, ಬಾಗಲದ ಕೀಲಿ ಮಾತ್ರ ಬ್ಯಾರೇದವ್ರ ಕೈಯಾಗ. ಯಾರಿಗರೆ ಹಿಂಗ ಆಗಿತ್ತಂದ್ರ ದಾರಿ ಹೇಳ್ರಿ.

ಲೆಕ್ಕದ_ಪುಸ್ತಕ (ಬೆಂಗಳೂರು)

ಅಮ್ಮ, ಮೊದಲು ಗಾಬರಿ ಬಿಡಿ. ನಾನು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ, ಲೈಸೆನ್ಸ್ ಕೆಲಸ ಮಾಡ್ಕೊಡ್ತೀನಿ. ತಿಂಗಳಿಗೆ ಇಂಥ ನಾಲ್ಕೈದು ಕೇಸ್ ನೋಡ್ತೀನಿ.

ನಿಮ್ಮ ಹತ್ರ ಇರೋದು ಲೈಸೆನ್ಸ್ ಅಲ್ಲ, ನೋಂದಣಿ. 2025ರ ಈ ನಿಯಮದಲ್ಲಿ ವರ್ಷದ ವಹಿವಾಟು 12 ಲಕ್ಷದ ಒಳಗಿದ್ರೆ ನೋಂದಣಿ ಸಾಕು, 12 ಲಕ್ಷ ದಾಟಿದ್ರೆ ರಾಜ್ಯ ಲೈಸೆನ್ಸ್. ನಿಮ್ಮ ನಂಬರ್ 2ರಿಂದ ಶುರುವಾಗುತ್ತಾ ನೋಡಿ, ಹಾಗಿದ್ರೆ ನೋಂದಣಿ, ಲೈಸೆನ್ಸ್ ಆದ್ರೆ 1ರಿಂದ ಶುರು. ನೋಂದಣಿಗೆ ಸರ್ಕಾರದ ಶುಲ್ಕ ವರ್ಷಕ್ಕೆ 100 ರೂಪಾಯಿ. ನಿಮ್ಮ ಹತ್ರ ತಗೊಂಡಿದ್ದು 1,800. ಉಳಿದ 1,700 ಆ ಹುಡುಗನ ಕೂಲಿ, ಅದಕ್ಕೂ ಕೆಲಸ ತಪ್ಪಾಗಿ ಮಾಡಿದಾನೆ.

ತಪ್ಪು ಎಲ್ಲಾಗಿದೆ ಅಂದ್ರೆ, ಅರ್ಜಿಯಲ್ಲಿ ಮೊದಲ ಪುಟದಲ್ಲೇ ನೀವು ಯಾವ ಬಗೆಯ ವ್ಯಾಪಾರ ಮಾಡ್ತೀರಿ ಅಂತ ಆರಿಸ್ಬೇಕು. ತಯಾರಿಕೆ, ಸಂಗ್ರಹ, ಚಿಲ್ಲರೆ ಮಾರಾಟ, ಹೋಟೆಲ್, ತಳ್ಳುಗಾಡಿ, ಹೀಗೆ ಉದ್ದ ಪಟ್ಟಿ ಬರುತ್ತೆ. ಚಿಲ್ಲರೆ ಅಂತ ಒತ್ತಿದ್ರೆ ಮುಂದೆ ಕೇಳೋ ಪ್ರಶ್ನೆ ಕಮ್ಮಿ, ಕೆಲಸ ಬೇಗ ಮುಗಿಯುತ್ತೆ, ಅದಕ್ಕೇ ಎಷ್ಟೋ ಸೆಂಟರ್‌ನೋರು ಅದನ್ನೇ ಒತ್ತಿಬಿಡ್ತಾರೆ. ತಯಾರಿಕೆ ಅಂದ್ರೆ ಏನು ತಯಾರಿಸ್ತೀರಿ, ಯಾವ ವರ್ಗ, ದಿನಕ್ಕೆ ಎಷ್ಟು ಅಂತೆಲ್ಲ ತುಂಬ್ಬೇಕು.

ಆ ಬೆಂಗಳೂರು ಅಂಗಡಿಯವರು ನೋಡಿದ್ದನ್ನ ನೀವೂ ನೋಡ್ಬಹುದು. ಪೋರ್ಟಲ್‌ನ ಮುಖಪುಟದಲ್ಲೇ ನಂಬರ್ ಹಾಕಿ ಹುಡುಕೋ ಜಾಗ ಇದೆ, ಲಾಗಿನ್ ಬೇಡ. ಇನ್ನೊಂದು, ನವೀಕರಣಕ್ಕೆ ಅವಧಿ ಮುಗಿಯೋ 180 ದಿನ ಮುಂಚೆಯಿಂದಲೇ ಅರ್ಜಿ ಹಾಕ್ಬಹುದು. ಆ ನೆನಪೋಲೆ ಮೆಸೇಜುಗಳೂ ಬಹುಶಃ ಆ 47ರ ನಂಬರಿಗೇ ಹೋಗ್ತಾ ಇದ್ದಿರ್ಬೇಕು.

ಕಡಲ_ಉಪ್ಪಿನಕಾಯಿ (ದಕ್ಷಿಣ ಕನ್ನಡ)

ಅಕ್ಕಾ, ನನಗೂ ಇದೇ ಆದದ್ದು, ಎರಡು ವರ್ಷ ಹಿಂದೆ. ಮಾವಿನಮಿಡಿ ಉಪ್ಪಿನಕಾಯಿದು. ನಂದು ಮಾಡಿಕೊಟ್ಟ ಜನ ದುಬೈಗೆ ಹೋದ್ರು ಮಾರಾಯ್ರೆ, ಅವರ ಇಮೇಲ್, ಅವರ ನಂಬರ್.

ಆನ್‌ಲೈನಲ್ಲೇ ಸರಿಯಾಗ್ತದೆ ಅಂತ ನಾನು ಹದಿನೈದು ದಿನ ಕೂತೆ. ಅದರಲ್ಲಿ ಎಂತ ಉಂಟು ಅಂದ್ರೆ, ನಂಬರ್ ಬದಲಿಸ್ಬೇಕಾದ್ರೆ ಒಳಗೆ ಹೋಗ್ಬೇಕು, ಒಳಗೆ ಹೋಗ್ಬೇಕಾದ್ರೆ ಆ ನಂಬರೇ ಬೇಕು. ಕಡೆಗೆ ಜಿಲ್ಲೆಯ ಆಹಾರ ಸುರಕ್ಷತೆ ಅಂಕಿತ ಅಧಿಕಾರಿಗಳ ಕಚೇರಿಗೆ ಹೋದೆ. ಬಿಳಿ ಕಾಗದದಲ್ಲಿ ಒಂದು ಮನವಿ, ನೋಂದಣಿ ಪ್ರತಿ, ಆಧಾರ್ ಪ್ರತಿ, ಮತ್ತೆ ನನ್ನ ಫೋನು. ಅಲ್ಲಿಯ ಸಿಬ್ಬಂದಿ ಸರ್ಟಿಫಿಕೇಟಿನ ಫೋಟೋ ನೋಡಿದ್ರು, ನನ್ನ ಮುಖ ನೋಡಿದ್ರು, ಎರಡು ದಿನದಲ್ಲಿ ಹೊಸ ನಂಬರ್ ಹಾಕಿ ಕೊಟ್ರು. ಒಂದು ಪೈಸೆ ತಗೊಳ್ಳಲಿಲ್ಲ. ಅವರಿಗೆ ಇದು ದಿನಾ ಬರುವ ತೊಂದರೆ ಅಂತೆ.

ನೀವು ಅಲ್ಲಿಗೇ ಹೋಗಿ. 28ಕ್ಕೆ ಮೊದಲೇ ಹೋಗಿ. ಮನವಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲ್ ಹಾಕಿಸಿ ನಿಮ್ಮ ಹತ್ರ ಇಟ್ಕೊಳ್ಳಿ.

ಊರ_ಸೇವಾ_ಕೇಂದ್ರ (ಮಂಡ್ಯ ಕಡೆ)

ಸೆಂಟರ್‌ನೋರ್ನೆಲ್ಲ ಒಂದೇ ತಕ್ಕಡೀಲಿ ತೂಗ್ಬೇಡಿ ಅಂತ ಕೇಳ್ಕೊಳೋಕೆ ಬರೀತಿದೀನಿ. ನಾನೂ ನಮ್ಮೂರಲ್ಲಿ ಗ್ರಾಮ ಒನ್ ನಡೆಸ್ತೀನಿ. ಮೂರು ವರ್ಷ ಆಯ್ತು.

ನಮ್ಮ ನಂಬರ್ ಯಾಕೆ ಹಾಕ್ತೀವಿ ಗೊತ್ತಾ? ಬರೋರಲ್ಲಿ ಅರ್ಧ ಜನದ ಹತ್ರ ಫೋನೇ ಇರಲ್ಲ, ಇದ್ರೂ ರೀಚಾರ್ಜ್ ಇರಲ್ಲ, ಮೆಸೇಜೇ ಬರಲ್ಲ. ನಂಬರ್ ಕೇಳಿದ್ರೆ ಮಗನ್ದು ಕೊಡ್ತಾರೆ, ಮಗ ಬೆಂಗಳೂರಲ್ಲಿ ಗಾರ್ಮೆಂಟ್ಸಲ್ಲಿರ್ತಾನೆ, ಒಟಿಪಿ ಬರೋ ಹೊತ್ಗೆ ಫೋನ್ ಲಾಕರಲ್ಲಿರುತ್ತೆ. ಹತ್ತು ನಿಮಿಷಕ್ಕೆ ಒಟಿಪಿ ಸತ್ತೋಗುತ್ತೆ. ಹಿಂದೆ ಎಂಟು ಜನ ಕ್ಯೂ. ಸರಿ ಬಿಡವ್ವ ನಂದೇ ಹಾಕ್ತೀನಿ ಅಂತ ಹಾಕ್ಬಿಡ್ತೀವಿ. ಮೋಸ ಮಾಡ್ಬೇಕು ಅಂತಲ್ಲ. ಆದ್ರೆ ಒಪ್ಕೋತೀನಿ, ತಪ್ಪೇ. ನಾನೂ ಮೊದಲ ವರ್ಷ ಹಂಗೇ ಮಾಡ್ದೆ, ಒಬ್ರು ಹಾಲಿನ ಪೇಡ ಮಾಡೋ ಅಜ್ಜಿ ಸರ್ಟಿಫಿಕೇಟು ನನ್ನ ಹಳೇ ಸಿಮ್ ಮೇಲೆ ಇತ್ತು, ಸಿಮ್ ಕಳೆದೋಯ್ತು, ಆ ಅಜ್ಜಿ ಮೂರು ಸಲ ಮಂಡ್ಯಕ್ಕೆ ಬಸ್ಸಲ್ಲಿ ಓಡಾಡ್ಬೇಕಾಯ್ತು. ಆಮೇಲಿಂದ ಬಂದೋರ ಕೈಲಿ ಫೋನ್ ಇಲ್ಲ ಅಂದ್ರೆ ವಾಪಸ್ ಕಳಿಸ್ತೀನಿ, ಬೈದ್ರೂ ಪರವಾಗಿಲ್ಲ. ಯೂಸರ್ ಐಡಿ ಪಾಸ್‌ವರ್ಡ್ ಅರ್ಜಿ ಪ್ರಿಂಟಿನ ಹಿಂದುಗಡೆ ಪೆನ್ನಲ್ಲಿ ಬರ್ದು ಕೊಡ್ತೀನಿ.

ಕಡಲ_ಉಪ್ಪಿನಕಾಯಿ

ನಿಮ್ಮ ಹಾಗೆ ಎಲ್ಲರೂ ಮಾಡಿದ್ರೆ ಈ ಮಾತೇ ಬರ್ತಿರ್ಲಿಲ್ಲ ಅಣ್ಣ. ಆದ್ರೆ ಕೆಲವರು ಬೇಕು ಬೇಕು ಅಂತಲೇ ನಂಬರ್ ತಮ್ಮದು ಹಾಕುವುದು, ಬರುವ ವರ್ಷ ನವೀಕರಣಕ್ಕೆ ಇವರ ಹತ್ರವೇ ಬರ್ಬೇಕಲ್ಲ. ನನಗೆ ದುಬೈಯಿಂದ ವಾಟ್ಸಾಪಲ್ಲಿ 2,500 ಕಳಿಸಿ ಒಟಿಪಿ ಹೇಳ್ತೇನೆ ಅಂತ ಮೆಸೇಜ್ ಬಂದದ್ದುಂಟು. ಅದನ್ನು ಎಂತ ಹೇಳುವುದು?

ಊರ_ಸೇವಾ_ಕೇಂದ್ರ

ಅದು ಅನ್ಯಾಯವೇ. ಅದಕ್ಕೆ ನಾನು ಎದುರು ಮಾತಾಡಲ್ಲ.

ಖಡಕ್_ರೊಟ್ಟಿ · ನವೆಂಬರ್ 4

ಎಲ್ಲಾರ್ದೂ ಓದಿದ್ನಿ. ಲೆಕ್ಕದ ಪುಸ್ತಕ ಅಣ್ಣಾರ, ನನ್ನ ನಂಬರ್ 2ರಿಂದಾನ ಶುರು ಐತ್ರಿ. ಹುಡುಕಿ ನೋಡಿದ್ವಿ, ಖರೇನ ಚಿಲ್ಲರೆ ಮಾರಾಟ ಅಂತ ಐತಿ. ನಾಕ್ ವರ್ಷ ಬೆಂಕಿ ಮುಂದ ಕುಂತು ಬಡಿದಾಕಿ ನಾನು, ಕಾಗದದಾಗ ಮಾತ್ರ ಯಾರದೋ ರೊಟ್ಟಿ ತಂದು ಮಾರಾಕಿ ಆಗೀನಿ. ಇದ ನಂಗ ಭಾಳ ಹತ್ತೇತಿ.

ನಾಳೆ ಅಮಾಸಿ ಅಲ್ಲ ಹುಣ್ಣವಿ, ಆರ್ಡರ್ ಐತಿ. ನಾಡದ್ದು ಜಿಲ್ಲಾ ಆಫೀಸಿಗೆ ಹೋಗ್ತೀನಿ. ಬರೋಬರ್ ಏನೇನು ಒಯ್ಯಬೇಕು ಅಂತ ಇನ್ನೊಮ್ಮೆ ಹೇಳ್ರಿ. ಮತ್ತ ಬೆಂಗಳೂರಿನವ್ರು ಉದ್ಯಮ್ ಐತೇನು, ಪಂಚಾಯ್ತಿ ಲೈಸೆನ್ಸ್ ಐತೇನು, ಜಿಎಸ್‌ಟಿ ಐತೇನು ಅಂತನೂ ಕೇಳ್ಯಾರ. ಇವೆಲ್ಲಾ ಬೇಕೇನ್ರಿ? ಎಲ್ಲಾದಕ್ಕೂ 1,800 ಅಂದ್ರ ರೊಟ್ಟಿ ಮಾರಿ ಎಷ್ಟ ಉಳೀತೈತಿ?

ಲೆಕ್ಕದ_ಪುಸ್ತಕ

ಒಂದೊಂದಾಗಿ ಹೇಳ್ತೀನಿ.

ಉದ್ಯಮ್ ಅಂದ್ರೆ ಸಣ್ಣ ಉದ್ದಿಮೆ ಅಂತ ಕೇಂದ್ರ ಸರ್ಕಾರದಲ್ಲಿ ಮಾಡಿಸೋ ನೋಂದಣಿ, ಪೂರ್ತಿ ಉಚಿತ. 2020ರ ಜುಲೈ 1ರಿಂದ ಇದೆ. ಆಧಾರ್, ಆಧಾರಿಗೆ ಜೋಡಿಸಿದ ಮೊಬೈಲ್, ಪಾನ್ ಇದ್ರೆ ಹದಿನೈದು ಇಪ್ಪತ್ತು ನಿಮಿಷದ ಕೆಲಸ, ಯಾವ ಕಾಗದಾನೂ ಅಪ್‌ಲೋಡ್ ಮಾಡ್ಬೇಕಿಲ್ಲ. ಆದ್ರೆ ಗೂಗಲ್‌ನಲ್ಲಿ ಹುಡುಕಿದ್ರೆ ಮೇಲೆ ಬರೋ ಎರಡು ಮೂರು ಜಾಹೀರಾತುಗಳು ಸರ್ಕಾರದ್ದಲ್ಲ. ಅಶೋಕ ಸ್ತಂಭದ ಥರಾ ಚಿತ್ರ, ಅದೇ ನೀಲಿ ಬಣ್ಣ, ಅದೇ ಫಾರ್ಮು, ಕೊನೇಲಿ ಎರಡು ಸಾವಿರ ಚಿಲ್ಲರೆ ಕೇಳ್ತಾರೆ. ವಿಳಾಸದ ಕೊನೇಲಿ ಜಿಒವಿ ಡಾಟ್ ಇನ್ ಇಲ್ಲ ಅಂದ್ರೆ ಒಂದಕ್ಷರಾನೂ ತುಂಬ್ಬೇಡಿ.

ಜಿಎಸ್‌ಟಿ ಬಗ್ಗೆ. ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷದ ತನಕ ನೋಂದಣಿ ಬೇಡ, ಹೋಟೆಲ್ ಥರ ಸೇವೆ ಆದ್ರೆ 20 ಲಕ್ಷ. ನಿಮ್ಮ ಲೆಕ್ಕ ನಾನು ಹಾಕಿ ನೋಡ್ದೆ. ದಿನಕ್ಕೆ 350, ತಿಂಗಳಿಗೆ 25 ದಿನ ಅಂದ್ರೂ ವರ್ಷಕ್ಕೆ 1,05,000 ರೊಟ್ಟಿ. ಒಂದಕ್ಕೆ 6 ರೂಪಾಯಿ ಅಂತ ಇಟ್ಕೊಂಡ್ರೆ 6 ಲಕ್ಷ 30 ಸಾವಿರ, ಹಿಂಡಿದು ಒಂದು ಲಕ್ಷ ಸೇರಿಸಿ. ಜಿಎಸ್‌ಟಿ ಮಾತೇ ಇಲ್ಲ. ಅದೂ ಅಲ್ಲದೆ ರೊಟ್ಟಿ ಚಪಾತಿ ಮೇಲಿದ್ದ 5% ತೆರಿಗೆ ಈ ವರ್ಷ ಸೆಪ್ಟೆಂಬರ್ 22ರಿಂದ ಶೂನ್ಯ ಆಗಿದೆ.

ಆದ್ರೆ ಒಂದು ಮಾತು. ಬೆಂಗಳೂರಿನ ವಾರಕ್ಕೆ 1,000 ರೊಟ್ಟಿ ಅಂದ್ರೆ ವರ್ಷಕ್ಕೆ 52,000, ಅಂದ್ರೆ ಇನ್ನೂ 3 ಲಕ್ಷ 12 ಸಾವಿರ. ಒಟ್ಟು ಹತ್ತೂವರೆ ಲಕ್ಷದ ಹತ್ರ ಬರುತ್ತೆ. ಇನ್ನೊಂದು ಇಂಥದೇ ಅಂಗಡಿ ಸಿಕ್ಕಿದ್ರೆ 12 ಲಕ್ಷ ದಾಟ್ತೀರಿ, ಆಗ ಆಹಾರದ್ದು ನೋಂದಣಿ ಸಾಲಲ್ಲ, ರಾಜ್ಯ ಲೈಸೆನ್ಸ್ ಬೇಕು. ಅದಕ್ಕೆ ಜಾಗದ ನಕ್ಷೆ, ಯಂತ್ರಗಳ ಪಟ್ಟಿ, ನೀರಿನ ಪರೀಕ್ಷೆ ವರದಿ ಎಲ್ಲ ಕೇಳ್ತಾರೆ. ಈಗಿಂದಲೇ ಒಂದು ನೋಟ್‌ಬುಕ್ಕಲ್ಲಿ ದಿನದ ಮಾರಾಟ ಬರ್ದಿಡಿ.

ಯಾಕೆ ಹೇಳ್ತಿದೀನಿ ಅಂದ್ರೆ, ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಯುಪಿಐ ಲೆಕ್ಕ ನೋಡಿ ಬೇಕರಿ, ಟೀ ಅಂಗಡಿ, ತರಕಾರಿಯವರಿಗೆಲ್ಲ ವಾಣಿಜ್ಯ ತೆರಿಗೆ ನೋಟಿಸ್ ಬಂತಲ್ಲ, ಆಗ ನನ್ನ ಹತ್ರ ಬಂದೋರಲ್ಲಿ ಹೆಚ್ಚಿನೋರ ಹತ್ರ ಲೆಕ್ಕದ ಒಂದು ಹಾಳೇನೂ ಇರಲಿಲ್ಲ. ಮಗಳ ಮದುವೆಗೆ ಅಣ್ಣ ಕಳಿಸಿದ ದುಡ್ಡು, ಚೀಟಿ ದುಡ್ಡು, ಅಂಗಡಿ ದುಡ್ಡು ಎಲ್ಲ ಒಂದೇ ಕ್ಯೂಆರ್ ಕೋಡಿಗೆ ಬಂದಿತ್ತು. ಯಾವುದು ವ್ಯಾಪಾರದ್ದು ಅಂತ ಬಿಡಿಸಿ ತೋರಿಸೋಷ್ಟರಲ್ಲಿ ಸಾಕಾಗೋಯ್ತು. ತರಕಾರಿ, ಹಾಲು ಮಾರೋರಿಗೆ ತೆರಿಗೆಯೇ ಇಲ್ಲ, ಆದ್ರೂ ಉತ್ತರ ಬರೀಲೇಬೇಕಾಯ್ತು. ವ್ಯಾಪಾರಕ್ಕೆ ಒಂದು ಬ್ಯಾಂಕ್ ಖಾತೆ ಬೇರೆ ಇಟ್ಕೊಳ್ಳಿ ಅಮ್ಮ.

ಹಳೇ_ಪಂಚಾಯ್ತಿ_ನೌಕರ (ಶಿವಮೊಗ್ಗ ಜಿಲ್ಲೆ)

ಪಂಚಾಯಿತಿ ಲೈಸೆನ್ಸ್ ವಿಚಾರ ನಾನು ಹೇಳ್ತೇನೆ. ಮೂವತ್ತು ವರ್ಷ ಪಂಚಾಯಿತಿಯಲ್ಲೇ ಕೆಲಸ ಮಾಡಿ ನಿವೃತ್ತಿ ಆದವನು.

ಹಳ್ಳಿಯಲ್ಲಿ ವ್ಯಾಪಾರಕ್ಕೆ, ಸಣ್ಣ ತಯಾರಿಕೆಗೆ ಲೈಸೆನ್ಸ್ ಕೊಡುವುದು ಗ್ರಾಮ ಪಂಚಾಯಿತಿ, 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ. ಪಟ್ಟಣದಲ್ಲಾದರೆ ಪುರಸಭೆ, ನಗರಸಭೆ, ಪಾಲಿಕೆ ಕೊಡುವ ಉದ್ದಿಮೆ ಪರವಾನಗಿ. ಆಹಾರದ ನೋಂದಣಿ ಇದ್ದರೆ ಇದು ಬೇಡ ಅಂತ ತುಂಬಾ ಜನ ತಿಳಿದಿದ್ದಾರೆ, ಹಾಗಲ್ಲ, ಎರಡೂ ಬೇರೆ ಬೇರೆ. ಒಂದು ತಿನ್ನುವ ವಸ್ತುವಿನ ಸುರಕ್ಷತೆಗೆ, ಇನ್ನೊಂದು ಆ ಜಾಗದಲ್ಲಿ ಆ ಕೆಲಸ ಮಾಡಬಹುದು ಅನ್ನುವುದಕ್ಕೆ.

ಪಂಚಾಯಿತಿಯಲ್ಲೇ ಬಾಪೂಜಿ ಸೇವಾ ಕೇಂದ್ರ ಇರ್ತದೆ, ಅಲ್ಲಿ ಅರ್ಜಿ ಹಾಕಬಹುದು. ಅರ್ಜಿ ಹಾಕಿದ ಕೂಡಲೇ ಸ್ವೀಕೃತಿ ತಗೊಳ್ಳಿ. ಅದರ ಮೇಲೆ ಒಂದು ಉದ್ದದ ಸಂಖ್ಯೆ ಇರ್ತದೆ, 15 ಅಂಕಿ, ಅದೇ ಸಕಾಲದ ಜಿಎಸ್‌ಸಿ ಸಂಖ್ಯೆ. ಆ ಸಂಖ್ಯೆ ಇಲ್ಲದೆ ಎದ್ದು ಬರಬೇಡಿ. ಸಕಾಲ ಕಾಯ್ದೆ 2011ರದ್ದು, 2012ರ ಏಪ್ರಿಲ್ 2ರಿಂದ ರಾಜ್ಯದ ಎಲ್ಲ ಕಡೆ ಜಾರಿಗೆ ಬಂತು. ಅದರ ಪಟ್ಟಿಯಲ್ಲಿರುವ ಸೇವೆಗೆ ಇಷ್ಟೇ ದಿನ ಅಂತ ನಿಗದಿ ಉಂಟು, ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ದುಡ್ಡು ಸಣ್ಣದು, ನಿಜ. ಆದರೆ ಮೇಲ್ಮನವಿ ಹೋದರೆ ಮೇಲಧಿಕಾರಿಯ ಮುಂದೆ ತಡ ಮಾಡಿದವನ ಹೆಸರು ಬರ್ತದೆ, ಅದಕ್ಕೆ ನಾವೆಲ್ಲ ಹೆದರುತ್ತಿದ್ದೆವು. ನಾನು ಇದ್ದ ಕಡೆ ಸಕಾಲದ ಅರ್ಜಿ ಮೊದಲು ಮುಗಿಸುತ್ತಿದ್ದೆವು, ಬರೀ ಬಾಯಲ್ಲಿ ಕೇಳಿದವರ ಕೆಲಸ ಹಾಗೇ ಕೂತಿರುತ್ತಿತ್ತು.

ಮನೆ ನಿಮ್ಮ ಯಜಮಾನರ ಹೆಸರಲ್ಲಿದ್ದರೆ ಅವರಿಂದ ಒಪ್ಪಿಗೆ ಪತ್ರ ಬರೆಸಿ. ಮನೆ ಕಂದಾಯ ಬಾಕಿ ಇದ್ದರೆ ಮೊದಲು ಕಟ್ಟಿ, ರಸೀದಿ ಲಗತ್ತಿಸಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಆರು ಅರ್ಜಿ ನಿಲ್ಲುತ್ತಿದ್ದದ್ದು ಕಂದಾಯ ಬಾಕಿಗೇ.

ಟಿಫನ್_ಗಾಡಿ (ದಾವಣಗೆರೆ)

ಹೆಸರಿನ ತೊಂದ್ರೆನೂ ನೋಡ್ಕೊಳ್ರಿ ಅಕ್ಕ. ನನ್ನ ಆಧಾರಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಪಾನ್‌ನಲ್ಲಿ ಬರೀ ಇನಿಷಿಯಲ್ ಇದೆ, ಬ್ಯಾಂಕ್‌ನಲ್ಲಿ ಇನಿಷಿಯಲ್ ಮುಂದೆ ಇದೆ. ಮೂರೂ ನಾನೇ. ಕಂಪ್ಯೂಟರಿಗೆ ಮೂರು ಜನ. ಉದ್ಯಮ್ ಹಾಕೋವಾಗ ಪಾನ್ ಹೊಂದಾಣಿಕೆ ಆಗ್ತಿಲ್ಲ ಅಂತ ನಿಂತ್ಬಿಡ್ತು, ಪಾನ್ ತಿದ್ದುಪಡಿ ಮಾಡಿಸೋಕೇ ಒಂದು ತಿಂಗಳು ಹೋಯ್ತು. ಎಲ್ಲಾ ಅರ್ಜಿ ಹಾಕೋ ಮೊದ್ಲು ಮೂರೂ ಕಾರ್ಡ್ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡ್ರಿ.

ಇನ್ನೊಂದು, ದುಡ್ಡು ಕಟ್ಟೋವಾಗ. ಒಂದು ಪೋರ್ಟಲ್ಲಲ್ಲಿ ನನ್ನ ಖಾತೆಯಿಂದ ದುಡ್ಡು ಹೋಯ್ತು, ಅಲ್ಲಿ ಪಾವತಿ ಆಗಿಲ್ಲ ಅಂತ ತೋರಿಸ್ತು, ನಾನು ಅವಸರಕ್ಕೆ ಇನ್ನೊಂದ್ಸಲ ಕಟ್ಟಿದೆ, ಅದೂ ಹೋಯ್ತು. ಆಮೇಲೆ ಗೊತ್ತಾಯ್ತು, ಅರ್ಜಿ ಒಳಗೆ ಪಾವತಿ ಪರಿಶೀಲನೆ ಅಂತ ಒಂದು ಬಟನ್ ಇತ್ತು, ಸ್ವಲ್ಪ ಹೊತ್ತು ಬಿಟ್ಟು ಅದನ್ನ ಒತ್ತಿದ್ರೆ ಸಾಕಿತ್ತು. ಎರಡನೇ ದುಡ್ಡು ವಾಪಸ್ ಬರೋಕೆ 40 ದಿನ ಆಯ್ತು. ದುಡ್ಡು ಕಟ್ ಆಗಿ ಪುಟ ನಿಂತ್ರೆ ಅವತ್ತು ಎದ್ದು ಮನೆಗೆ ಹೋಗಿಬಿಡಿ, ಮಾರನೇ ದಿನ ನೋಡಿ.

ಅಂಗಡಿ_ಬೋರ್ಡು (ಬೆಂಗಳೂರು)

ಊರಲ್ಲಿ ಅಂಗಡಿ ತೆರೆಯೋರಿಗೆ ಒಂದು ಸೇರಿಸ್ತೀನಿ, ಈ ಅಕ್ಕನಿಗೆ ಈಗಲೇ ಬೇಕಾಗಿಲ್ಲ. ಕಾರ್ಮಿಕ ಇಲಾಖೆಯ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನೋಂದಣಿ, 1961ರ ಕಾಯ್ದೆಯದು, ಈಗ ಇ-ಕಾರ್ಮಿಕ ಪೋರ್ಟಲ್ಲಲ್ಲಿ. ಬೋರ್ಡ್ ಬರೆಸೋ ಮೊದಲು ನೆನಪಿರಲಿ, ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರ ತಿದ್ದುಪಡಿ ಆದ ಮೇಲೆ 60% ಕನ್ನಡ ಇರಲೇಬೇಕು, ಅದೂ ಮೇಲ್ಭಾಗದಲ್ಲಿ. ನನ್ನ ಗೆಳೆಯ ಹೊಸ ಬೋರ್ಡಿಗೆ 14 ಸಾವಿರ ಸುರಿದು ಇಂಗ್ಲಿಷ್ ದೊಡ್ಡದಾಗಿ ಬರೆಸಿದ್ದ, ಮತ್ತೆ ಬರೆಸಬೇಕಾಯ್ತು.

ನನ್ನ ಸಂಕಟ ಬೇರೆ. ಬೋರ್ಡು ಕನ್ನಡದಲ್ಲಿರಲಿ ಅಂತ ನಮಗೆ ಹೇಳ್ತಾರೆ, ಸರಿ, ಹೆಮ್ಮೆಯಿಂದ ಹಾಕ್ತೀವಿ. ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್ ಕನ್ನಡದಲ್ಲಿದೆ, ಅದನ್ನ ಮೆಚ್ಚಬೇಕು. ಆದ್ರೆ ಕೇಂದ್ರದ ಫಾರ್ಮು ನಮ್ಮೋರಿಗೆ ಅರ್ಥವಾಗೋ ಭಾಷೇಲಿ ಬರಬೇಡ್ವಾ? ಈ ಅಕ್ಕ ಪಕ್ಕದಲ್ಲೇ ಕೂತಿದ್ರಂತೆ. ತಯಾರಿಕೆ ಅಂತ ಕನ್ನಡದಲ್ಲಿ ಒಂದು ಸಾಲು ಕಂಡಿದ್ರೆ, ಏ ತಮ್ಮಾ ಅದಲ್ಲ ಇದು ಒತ್ತು ಅಂತ ಅವರೇ ಹೇಳ್ತಿದ್ರು. ಆ 1,800, ಈ ಓಡಾಟ, ಎಲ್ಲ ಒಂದು ಸಾಲಿನ ಕನ್ನಡಕ್ಕೆ ಉಳೀತಿತ್ತು. ಇದನ್ನ ಎಲ್ಲಿ ಬೇಕಾದ್ರೂ ಕೂಗಿ ಹೇಳ್ತೀನಿ.

ಊರ_ಸೇವಾ_ಕೇಂದ್ರ

ಇದು ನೂರಕ್ಕೆ ನೂರು ನಿಜ. ಕನ್ನಡದ ಫಾರ್ಮ್ ಬಂದ್ರೆ ಜನ ಬೆರಳಿಟ್ಟು ತೋರಿಸ್ತಾರೆ, ಇಲ್ಲಿ ನಮ್ಮ ಅಡ್ಡ ಹೆಸ್ರು ಇದಲ್ಲ, ಅದು ಅಂತ. ಇಂಗ್ಲಿಷ್ ಬಂದ್ರೆ ಗೋಡೆ ನೋಡ್ತಾ ಕೂತಿರ್ತಾರೆ.

ಖಡಕ್_ರೊಟ್ಟಿ · ನವೆಂಬರ್ 7

ನಿನ್ನೆ ಜಿಲ್ಲಾ ಆಫೀಸಿಗೆ ಹೋಗಿ ಬಂದ್ನಿ. ಕಡಲ ಅಕ್ಕಾರು ಹೇಳ್ದಂಗ ಮನವಿ ಎರಡು ಪ್ರತಿ ಬರ್ಕೊಂಡು ಹೋಗಿದ್ದೆ, ನಮ್ಮ ಅಕ್ಕನ ಮಗ ಬರ್ದ. ಅಲ್ಲಿ ಒಬ್ರು ಮೇಡಂ ಇದ್ರು, ಕುಂಡರ್ರಿ ಅಂದು ಪೂರಾ ಕೇಳಿದ್ರು. ಕಂಪ್ಯೂಟರ್‌ನ್ಯಾಗ ನನ್ನ ಅರ್ಜಿ ತೆಗೆದು ತೋರ್ಸಿದ್ರು. ನನ್ನ ಫೋಟೋ ಕೆಳಗ ಇಮೇಲ್ ಅಂತ ಇದ್ದ ಜಾಗಾದಾಗ ಆ ಸೆಂಟರ್ ಹೆಸರು. ಅದೇ ಇಮೇಲ್ ಮ್ಯಾಲೆ ನಮ್ಮ ತಾಲೂಕಿಂದು ಇನ್ನೂ ಭಾಳ ಮಂದೀದು ಐತಂತ, ಚುರಮುರಿ ಗಾಡಿಯವ್ರು, ಖಾನಾವಳಿಯವ್ರು. ಅವ್ರಿಗೂ ಗೊತ್ತಿರಾಕಿಲ್ಲ.

ಮೇಡಂ ಏನಂದ್ರಂದ್ರ, ಅವಧಿ ಹೆಂಗೂ ಮುಗೀಲಿಕ್ಕ ಬಂದೈತಿ, ಅದ್ರಾಗ ಚಿಲ್ಲರೆ ಅಂತ ಐತಿ, ಅದನ್ನ ಎಳದಾಡೋದ್ರಕಿಂತ ನಿಮ್ಮ ನಂಬರ್ ಮ್ಯಾಲೆ ತಯಾರಿಕೆ ಅಂತ ಹೊಸಾದು ಹಾಕ್ರಿ, ಹಳೇದು ಬ್ಯಾಡ ಅಂತ ಇದರಾಗ ಬರ್ದು ಸಹಿ ಮಾಡಿ ಕೊಡ್ರಿ ಅಂತ. ಮನವಿ ಮ್ಯಾಲೆ ಸೀಲ್ ಹಾಕಿ ಕೊಟ್ರು.

ಹೊರಗ ಬಂದು ಆಫೀಸಿನ ಬೇವಿನ ಗಿಡದ ಕೆಳಗ ಕುಂತು ಹುಡುಗನ ಮೊಬೈಲ್‌ನ್ಯಾಗ ಶುರು ಮಾಡಿದ್ವಿ. ನನ್ನ ಫೋನ್ ನಾನಾ ಕೈಯಾಗ ಹಿಡಿದಿದ್ದೆ. ಒಟಿಪಿ ಬಂತು ನೋಡ್ರಿ, ಟಿಣ್ ಅಂತು, ಆರು ಅಂಕಿ, ನಾನಾ ಓದಿ ಹೇಳಿದ್ನಿ. ಯೂಸರ್ ಐಡಿಗೆ ನಮ್ಮ ಊರ ಹೆಸರು ಸೇರ್ಸಿ ಇಟ್ವಿ. ತಯಾರಿಕೆ ಅಂತ ಬಂದಾಗ ಹುಡುಗ, ಮಾವಶಿ ಇದ ಅಲ್ಲಾ? ಅಂತ ಕೇಳಿದ, ಹೂಂ ಇದ ಒತ್ತು ಅಂದ್ನಿ. ದಿನಕ್ಕ ಎಷ್ಟು ಕೆಜಿ ಅಂತ ಕೇಳ್ತು. ನಮ್ಮವು 20 ರೊಟ್ಟಿ ಅಂದ್ರ ಹೆಚ್ಚು ಕಮ್ಮಿ ಒಂದು ಕೆಜಿ, ಅಂದ್ರ 350ಕ್ಕ ಹದಿನೇಳು ಹದಿನೆಂಟು ಕೆಜಿ, ಹಿಂಡಿ ಸೇರ್ಸಿ 25 ಕೆಜಿ ಅಂತ ಹಾಕಿದ್ವಿ. ಫೋಟೋ ಮಾತ್ರ ದೊಡ್ಡದಾತು ಅಂತ ಮೂರು ಸಲ ತಿರುಗಿ ಬಂತು, ಸಣ್ಣದ ಮಾಡಿ ಹಾಕಿದ್ವಿ. ಶುಲ್ಕ ವರ್ಷಕ್ಕ 100 ರೂಪಾಯಿ, ಫೋನ್‌ಪೇ ಮಾಡಿದ್ನಿ, ಒಂದ್ ಸಲಕ್ಕ ಆತು. ಎಲ್ಲಾ ಸೇರಿ 50 ನಿಮಿಷ.

ಅರ್ಜಿ ನಂಬರ್ ಬಂದೈತಿ. ಈಗ ಕಾಯೋದು.

ಲೆಕ್ಕದ_ಪುಸ್ತಕ

ಬಹಳ ಒಳ್ಳೇ ಕೆಲಸ ಮಾಡಿದ್ರಿ ಅಮ್ಮ. ನಿಯಮದ ಪ್ರಕಾರ 7 ದಿನದೊಳಗೆ ನೋಂದಣಿ ಕೊಡ್ಬೇಕು, ಅಥವಾ ಕಾರಣ ಬರ್ದು ತಿರಸ್ಕರಿಸ್ಬೇಕು, ಅಥವಾ ಸ್ಥಳ ನೋಡೋಕೆ ಬರ್ತೀವಿ ಅಂತ ತಿಳಿಸ್ಬೇಕು. ತಯಾರಿಕೆ ಆದ್ದರಿಂದ ನೋಡೋಕೆ ಬರಲೂಬಹುದು, ಹೆದರ್ಬೇಡಿ. ಹಿಟ್ಟಿನ ಡಬ್ಬಿಗೆ ಮುಚ್ಚಳ, ತಲೆಗೆ ಬಟ್ಟೆ, ಕುಡಿಯೋ ನೀರು ಮುಚ್ಚಿಟ್ಟಿರೋದು, ಕಸದ ಬುಟ್ಟಿ, ಇಷ್ಟು ನೋಡ್ತಾರೆ. ಮಧ್ಯದಲ್ಲಿ ಏನಾದ್ರೂ ಸರಿಪಡಿಸಿ ಅಂತ ಅರ್ಜಿ ವಾಪಸ್ ಬಂದ್ರೆ ನಿಮ್ಮ ಫೋನಿಗೇ ಮೆಸೇಜ್ ಬರುತ್ತೆ, 30 ದಿನದೊಳಗೆ ಉತ್ತರ ಹಾಕಿ, ಸುಮ್ಮನೆ ಬಿಟ್ರೆ ಅರ್ಜಿ ಬಿದ್ದುಹೋಗುತ್ತೆ.

ಸರ್ಟಿಫಿಕೇಟ್ ಬಂದ ಮೇಲೆ ಪಾಕೀಟಿನ ಲೇಬಲ್ ಬದಲಿಸೋದು ಮರೀಬೇಡಿ, ಹಳೇ ನಂಬರಿದ್ದ ಲೇಬಲ್ ಅಂಟಿಸಬಾರದು. ಹೊಸ 14 ಅಂಕಿ, ತಯಾರಿಸಿದ ದಿನ, ಬ್ಯಾಚ್, ಎಷ್ಟು ದಿನದೊಳಗೆ ತಿನ್ನಬೇಕು, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ಏನೇನು ಹಾಕಿದೀರಿ, ನಿಮ್ಮ ವಿಳಾಸ, ದೂರು ಹೇಳೋಕೆ ಫೋನ್ ನಂಬರ್, ಹಸಿರು ಚುಕ್ಕೆ. ಶೇಂಗಾ ಹಿಂಡಿ ಪಾಕೀಟಲ್ಲಿ ಶೇಂಗಾ ಇದೆ ಅಂತ ಅಲರ್ಜಿ ಇರೋರಿಗೆ ಕಾಣೋ ಹಾಗೆ ಬೇರೆಯಾಗಿ ಬರೆಸಿ. ಪಾಕೀಟ್ ಮಾಡಿ ಮಾರೋರು ಕಾನೂನು ಮಾಪನಶಾಸ್ತ್ರ ಇಲಾಖೇಲಿ ಪ್ಯಾಕರ್ ಅಂತ ನೋಂದಾಯಿಸ್ಕೋಬೇಕು, ಅದು 2011ರ ನಿಯಮ, ತೂಕದ ಯಂತ್ರಕ್ಕೆ ಸೀಲ್ ಹಾಕೋರೂ ಅವರೇ.

ಒಕ್ಕೂಟದ_ಅಕ್ಕ (ಕಲಬುರಗಿ ಕಡೆ)

ತಂಗಿ, ನಿಮ್ಮ ಸ್ವಸಹಾಯ ಸಂಘ ಸಂಜೀವಿನಿ ಒಕ್ಕೂಟದಾಗ ಅದ ಏನು? ಇದ್ರ ಕೇಳಿ ನೋಡು. ಸಣ್ಣ ಆಹಾರ ತಯಾರಿಕಿದವ್ರಿಗಿ ಪಿಎಂಎಫ್‌ಎಂಇ ಅಂತ ಕೇಂದ್ರದ ಯೋಜನಾ ಅದ, 2020ರಿಂದ ನಡದದ. ರೊಟ್ಟಿ ಮಷಿನ್, ಹಿಟ್ಟಿನ ಗಿರಣಿ, ಪ್ಯಾಕಿಂಗ್ ಮಷಿನ್ ಎಲ್ಲಾ ಬರ್ತದ. ಬ್ಯಾಂಕ್ ಸಾಲ ತಗೊಂಡ್ರ ಯೋಜನಾ ವೆಚ್ಚದಾಗ 35% ಸಹಾಯಧನ, ನಮ್ಮ ಕರ್ನಾಟಕ ಸರ್ಕಾರ ಇನ್ನಾ 15% ಕೂಡಿಸಿ 50% ಮಾಡ್ಯಾರ, ಹೆಚ್ಚಂದ್ರ 15 ಲಕ್ಷ ತನಕ. ಬೆಂಗಳೂರಿನ ಕೆಪೆಕ್, ಅಂದ್ರ ಕೃಷಿ ಉತ್ಪನ್ನ ಸಂಸ್ಕರಣೆ, ರಫ್ತಿನ ರಾಜ್ಯ ನಿಗಮದವ್ರು ನೋಡ್ಕೋತಾರ. ಸಂಘದ ಸದಸ್ಯರಿಗಿ ತಲಾ 40,000 ಬೀಜಧನ ಬ್ಯಾರೆ ಅದ.

ಅರ್ಜಿ ಆನ್‌ಲೈನ್‌ದಾಗ ಹಾಕೋದು, ಆದ್ರ ಜಿಲ್ಲಾಕ್ಕೊಬ್ಬೊಬ್ರು ಇಬ್ಬಿಬ್ರು ಸಂಪನ್ಮೂಲ ವ್ಯಕ್ತಿ ಅಂತ ಇರ್ತಾರ, ಕೃಷಿ ಇಲಾಖಿ ಆಫೀಸಿನಾಗ ಕೇಳಿದ್ರ ಹೇಳ್ತಾರ. ಅವ್ರೇ ಯೋಜನಾ ವರದಿ ಬರೀತಾರ, ಬ್ಯಾಂಕಿಗಿ ಬರ್ತಾರ. ಅವ್ರ ಗೌರವಧನ ಯೋಜನಾದಿಂದೇ ಬರ್ತದ, ನೀ ಕೊಡೋದಿಲ್ಲ. ಯಾರರ ನಾ ಪಾಸ್ ಮಾಡಸ್ತೀನಿ 10 ಪರ್ಸೆಂಟ್ ಕೊಡು ಅಂದ್ರ ಬಾಗಲ ಹಾಕೋ. ಇದು 2025-26ರ ತನಕ ವಿಸ್ತರಿಸ್ಯಾರ, ಅದಕ್ಕ ತಡ ಮಾಡಬ್ಯಾಡ. ಆ ಅರ್ಜಿಗೂ ನಿನ್ನ ನಂಬರ್ ಹಾಕು. ನಮ್ಮ ಸಂಘದಾಗ ಒಬ್ಬಾಕಿದು ಸಾಲ ಮಂಜೂರಾದ ಮೆಸೇಜ್ ಅವಳ ಮೈದುನನ ಫೋನಿಗಿ ಬಂದಿತ್ತು, ಅಕಿಗಿ ಗೊತ್ತಾಗೇ ಇಲ್ಲ ಎರಡು ತಿಂಗಳು.

ಹಳೇ_ಪಂಚಾಯ್ತಿ_ನೌಕರ

ಈ ಕೊನೆಯ ಮಾತು ಹೆಣ್ಣುಮಕ್ಕಳು ಬಹಳ ಗಮನಿಸಬೇಕು. ಅರ್ಜಿ ಹೆಂಡತಿ ಹೆಸರಲ್ಲಿ, ಫೋನ್ ನಂಬರ್ ಗಂಡನದ್ದು, ಹೀಗೆ ನೂರಾರು ನೋಡಿದ್ದೇನೆ. ಮನೆಯಲ್ಲಿ ಎಲ್ಲ ಚೆನ್ನಾಗಿರುವ ತನಕ ತೊಂದರೆ ಇಲ್ಲ. ಏನಾದರೂ ಹೆಚ್ಚು ಕಡಿಮೆ ಆದ ದಿನ ಆ ಹೆಂಗಸು ತನ್ನದೇ ಲೈಸೆನ್ಸಿಗೆ ಬೇರೆಯವರ ಕಾಲು ಹಿಡಿಯಬೇಕು.

ಖಡಕ್_ರೊಟ್ಟಿ · ನವೆಂಬರ್ 15

ನಿನ್ನೆ ಸಂಜಿಕ ಮೆಸೇಜ್ ಬಂತು, ನನ್ನ ಫೋನಿಗೇ. ಮೊನ್ನೆ ಆಹಾರ ಸುರಕ್ಷತಾ ಅಧಿಕಾರಿ ಒಬ್ರು ಬಂದು ನೋಡಿ ಹೋಗಿದ್ರು. ಒಲಿ ನೋಡಿದ್ರು, ರೊಟ್ಟಿ ಒಣಗಸೋ ಜಾಗಾ ನೋಡಿದ್ರು, ಅಲ್ಲಿ ಕಿಡಕಿಗೆ ಜಾಳಗಿ ಹಾಕಸ್ರಿ, ನೊಣ ಬರ್ತಾವ ಅಂದ್ರು. ಖರೇ ಮಾತು, ಮರುದಿನಾನ ಹಾಕ್ಸಿದ್ನಿ, 650 ಆತು, ಫೋಟೋ ತೆಗೆದು ಕಳಿಸಿದ್ವಿ. ಹೊಸಾ ಸರ್ಟಿಫಿಕೇಟ್‌ನ್ಯಾಗ ತಯಾರಿಕೆ ಅಂತ ಐತಿ. ಡೌನ್‌ಲೋಡ್ ನಾನಾ ಮಾಡಿದ್ನಿ, ಪಾಸ್‌ವರ್ಡ್ ನಾನಾ ಹಾಕಿ. ಉದ್ಯಮ್‌ನೂ ಮಾಡಿದ್ವಿ, ರೊಕ್ಕ ಇಲ್ದ. ಪಂಚಾಯ್ತಿಯಾಗ ಅರ್ಜಿ ಕೊಟ್ಟು 15 ಅಂಕಿ ನಂಬರ್ ತಗೊಂಡೀನಿ, ಮನಿ ಕಂದಾಯ 1,140 ಬಾಕಿ ಇತ್ತು, ಕಟ್ಟಿದ್ನಿ.

ಬೆಂಗಳೂರಿನವ್ರಿಗೆ ಹೊಸಾ ನಂಬರ್ ಕೊಟ್ಟೀನಿ. ಲೇಬಲ್ ಬಂದ ಮ್ಯಾಲೆ ಮೊದಲ ಗಂಟು ಕಳಸ್ರಿ ಅಂದಾರ.

ಇನ್ನೊಂದು ಕೆಲಸ ಹಿಡದೀನಿ. ಆ ಸೆಂಟರ್‌ನ್ಯಾಗ ಮಾಡ್ಸಿದ ಚುರಮುರಿ ಗಾಡಿಯವ್ರು, ಖಾನಾವಳಿಯವ್ರು ನಾಕ್ ಮಂದಿ ನಂಗ ಗುರ್ತು ಅದಾರ. ಅವ್ರ ನಂಬರ್ ಹುಡುಕಿ ನೋಡಿದ್ವಿ. ಒಬ್ರದು ಜುಲೈದಾಗ ಮುಗದೈತಿ, ಗ್ವಾಡಿ ಮ್ಯಾಲೆ ಹಂಗ ಐತಿ. ಸೋಮವಾರ ನಾಕ್ ಮಂದೀನೂ ಕರ್ಕೊಂಡು ಅದೇ ಆಫೀಸಿಗೆ ಹೋಗೋದೈತಿ. ಒಬ್ಬಾಕಿ ಹತ್ರ ಫೋನ್ ಇಲ್ಲ. ಸಣ್ಣ ಬಟನ್ ಫೋನ್‌ನ್ಯಾಗ ಒಟಿಪಿ ಬರ್ತೈತಿ ಅಲ್ರಿ?

ಊರ_ಸೇವಾ_ಕೇಂದ್ರ

ಧಾರಾಳವಾಗಿ ಬರುತ್ತೆ ಅಕ್ಕ. ಸಿಮ್ ಅವರ ಹೆಸರಲ್ಲೇ ತಗೊಳ್ಳಿ, ಮೆಸೇಜ್ ಬರೋ ಪ್ಲಾನ್ ರೀಚಾರ್ಜ್ ಇರ್ಲಿ. ಉದ್ಯಮ್‌ಗೆ ಆಧಾರಲ್ಲಿರೋ ನಂಬರಿಗೇ ಒಟಿಪಿ ಬರೋದು, ಅದಕ್ಕೆ ಆಧಾರ್ ಕೇಂದ್ರಕ್ಕೆ ಅವರೇ ಹೋಗಿ ಬೆರಳಚ್ಚು ಕೊಟ್ಟು ಈ ಹೊಸ ನಂಬರ್ ಸೇರಿಸ್ಕೋಬೇಕು. ಸೋಮವಾರಕ್ಕೆ ಮುಂಚೆ ಆದ್ರೆ ಆ ಕೆಲಸ ಮುಗಿಸಿ.